ಕಾಲುವೆಯ ದಿನ ಎಲ್ಲಿಗೂ ಹೋಗಬೇಡಿ

ಪನಾಮಾ ಕಾಲುವೆಯ ಕ್ರೂಸಿಗೆ ಹೊರಟ ಕನ್ನಡದ ಮನೆಯಲ್ಲಿ ಮೊದಲು ತಯಾರಾಗುವುದು ಚಕ್ಕುಲಿ, ಆಮೇಲೆ ಎಕ್ಸೆಲ್ ಶೀಟು. ಚಕ್ಕುಲಿ ಹಡಗು ಹತ್ತುವ ಮುಂಚೆಯೇ ಮುಗಿದುಹೋಗುತ್ತದೆ. ಶೀಟು ಮಾತ್ರ ಬೆಳೆಯುತ್ತಲೇ ಇರುತ್ತದೆ.

ನಮ್ಮ ಷಡ್ಡಕರ ಶೀಟನ್ನು ನೀವು ನೋಡಬೇಕಿತ್ತು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು; ಅಂದಾಜುಪಟ್ಟಿ ಬರೆಯದೆ ಹಾಲು ತರಲೂ ಹೋಗುವವರಲ್ಲ. ಫ್ಲೋರಿಡಾದಲ್ಲಿರುವ ಮಗಳು ಟಿಕೆಟ್ ತೆಗೆಸಿದ್ದೇ ತಡ, ಇವರು ಬಂದರು, ಜಾಗ, ಹೊರಡುವ ಹೊತ್ತು, ವಾಪಸಾಗುವ ಹೊತ್ತು, ಡಾಲರ್, ಅದರ ರೂಪಾಯಿ (ಪಕ್ಕದಲ್ಲೊಂದು ನಿಟ್ಟುಸಿರು), ‘ಸಸ್ಯಾಹಾರ ಸಿಗುತ್ತಾ’ ಎಂದು ಕಾಲಂ ಎಳೆದರು. ಕಾಲುವೆಯ ದಿನದ ಸಾಲಿನಲ್ಲಿ ಹೀಗಿತ್ತು: ಬೆಳಗ್ಗೆ ಕಾಲುವೆ, ಹತ್ತಕ್ಕೆ ಮಿರಾಫ್ಲೋರೆಸ್ ವೀಕ್ಷಣಾ ಕೇಂದ್ರ, ಮಧ್ಯಾಹ್ನ ಹಳೇ ಪೇಟೆ ಕಾಸ್ಕೊ ವಿಯೆಹೊ, ಸಂಜೆ ಎಂಬೆರಾ ಬುಡಕಟ್ಟಿನ ಹಳ್ಳಿ.

“ಹಡಗು ಕಾಲುವೆಯೊಳಗೆ ಇರೋವಾಗ ಇಷ್ಟೆಲ್ಲ ಹೇಗ್ರೀ ನೋಡ್ತೀರಿ?” ಅಂದೆ.

“ಇಳ್ಕೊಂಡು.”

“ಎಲ್ಲಿ?”

ಅಲ್ಲಿಗೆ ಮಾತು ನಿಂತಿತು. ಕಾಲುವೆ ಎಂದರೆ ಪಾರ್ಕಿಂಗೂ ಟಿಕೆಟ್ ಕೌಂಟರೂ ಇರುವ ಒಂದು ಜಾಗ, ನೋಡಿ ಮುಗಿಸಿ ಮುಂದಿನದಕ್ಕೆ ಹೋಗುವುದು ಎಂದು ಅವರ ಲೆಕ್ಕ. ಅವರನ್ನು ಅಂದು ಏನು ಪ್ರಯೋಜನ? ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ‘ಕವರ್’ ಮಾಡಿ ರಾತ್ರಿ ಬೆಂಗಳೂರಲ್ಲಿ ಮಜ್ಜಿಗೆ ಅನ್ನ ಉಣ್ಣುವ ವಂಶ ನಮ್ಮದು. ಎಂಬತ್ತು ಚಿಲ್ಲರೆ ಕಿಲೋಮೀಟರಿಗೆ ಎಂಟು ಹತ್ತು ಗಂಟೆ ತೆಗೆದುಕೊಳ್ಳುವ ವಾಹನದಲ್ಲಿ ಸುಮ್ಮನೆ ಕೂರುವುದು ನಮ್ಮ ಜಾತಕದಲ್ಲೇ ಇಲ್ಲ.

ಹಾಗಾಗಿ ಪ್ಲಾನು ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಹಡಗು ಕಾಲುವೆಯನ್ನು ಪೂರ್ತಿ ದಾಟುತ್ತದೋ, ಅರ್ಧ ಹೋಗಿ ತಿರುಗಿ ಬರುತ್ತದೋ? ಪೂರ್ತಿ ದಾಟುವವು ಫ್ಲೋರಿಡಾದಲ್ಲಿ ಹತ್ತಿಸಿಕೊಂಡು, ಕೊಲಂಬಿಯಾದ ಕಾರ್ತಹೇನಾ ಮುಟ್ಟಿ, ಕಾಲುವೆ ದಾಟಿ, ಕೋಸ್ಟರಿಕಾ ಮೆಕ್ಸಿಕೋಗಳ ದಡ ಹಿಡಿದು ಕ್ಯಾಲಿಫೋರ್ನಿಯಾದಲ್ಲಿ ಇಳಿಸುತ್ತವೆ. ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಇವುಗಳಲ್ಲಿ ಕಾಲುವೆಯ ದಿನ ಸಾಮಾನ್ಯವಾಗಿ ಯಾರೂ ಇಳಿಯುವಂತಿಲ್ಲ. ಅರ್ಧ ಹೋಗುವವು ಕೆರಿಬಿಯನ್ ಕಡೆಯಿಂದ ಗಟೂನ್ ಲಾಕಿನ (ನೀರು ತುಂಬಿ, ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ತೊಟ್ಟಿಗಳು) ಮೂರು ಮೆಟ್ಟಿಲು ಹತ್ತಿ, ಗಟೂನ್ ಸರೋವರದಲ್ಲಿ ಲಂಗರು ಹಾಕಿ, ಟೂರಿನವರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಟ್ಟು, ಹತ್ತಿದ ಮೆಟ್ಟಿಲನ್ನೇ ಇಳಿದು ಬಂದು, ಸಂಜೆ ಕೊಲೋನ್ ಬಂದರಿನಲ್ಲಿ ಅವರನ್ನು ಮತ್ತೆ ತುಂಬಿಕೊಳ್ಳುತ್ತವೆ. ನಮ್ಮದು ಪೂರ್ತಿ ದಾಟುವ ಹಡಗು. ಷಡ್ಡಕರು ಶೀಟಿನ ಆ ಸಾಲಿಗೆ ಕೆಂಪು ಬಣ್ಣ ಹಚ್ಚಿ, ದಿನವೆಲ್ಲ ದಂಡವಾಯಿತು ಎಂದು ಕೊರಗಿದರು.

ದಂಡ ಆಗಲಿಲ್ಲ. ಇಡೀ ಪ್ರವಾಸದಲ್ಲಿ ಅವರು ಬಾಯಿಬಿಟ್ಟುಕೊಂಡು ನೋಡಿದ್ದು ಅದೊಂದೇ ದಿನ.

ಕ್ಯಾಬಿನ್ನಿನ ವಿಷಯ ಹೇಳಿಬಿಡುತ್ತೇನೆ. ಕಾಲುವೆ ಚೆನ್ನಾಗಿ ಕಾಣಲಿ ಎಂದು ಬಾಲ್ಕನಿ ಇರುವ ಕೋಣೆಗೆ ಹೆಚ್ಚು ದುಡ್ಡು ಕಟ್ಟುವವರಿದ್ದಾರೆ. 1914ರ ಹಳೆಯ ಲಾಕುಗಳ ಅಗಲ 33.5 ಮೀಟರ್, ಅದಕ್ಕೆಂದೇ ಅಳೆದು ಕಟ್ಟಿದ ಹಡಗಿನ ಅಗಲ 32.3 ಮೀಟರ್. ಎರಡೂ ಬದಿಗೆ ಹಂಚಿದರೆ ಉಳಿಯುವುದು ಒಂದೊಂದು ಕಡೆ ಎರಡಡಿ. ಕೆಳ ಅಂತಸ್ತಿನ ಬಾಲ್ಕನಿಯವರು ಬೆಳಗ್ಗೆ ಎದ್ದು ಪರದೆ ಸರಿಸಿದರೆ ಕಣ್ಣೆದುರಿಗೆ ನೂರು ವರ್ಷ ದಾಟಿದ ಕಾಂಕ್ರೀಟ್ ಗೋಡೆ: ಒದ್ದೆ, ಪಾಚಿಗಟ್ಟಿದ್ದು, ಹಡಗುಗಳು ಉಜ್ಜಿದ ಗೀರು ಬೇರೆ. ನೀರು ತುಂಬಿದಂತೆ ಆ ಗೋಡೆ ನಿಧಾನಕ್ಕೆ ಕೆಳಗಿಳಿಯುತ್ತದೆ. ಅಂದರೆ ನೀವು ಮೇಲೇರುತ್ತೀರಿ. ನಮ್ಮ ಅತ್ತಿಗೆ ಅದನ್ನೇ ವಿಡಿಯೋ ಮಾಡಿ ಕುಟುಂಬದ ಗುಂಪಿಗೆ ಕಳಿಸಿದರು. “ಯಾರ ಮನೆ ಕಾಂಪೌಂಡು?” ಎಂದು ಮೈಸೂರಿನಿಂದ ಉತ್ತರ ಬಂತು.

ನೋಡಬೇಕಾದದ್ದು ಮೇಲೆ, ಹಡಗಿನ ಮುಂಭಾಗದ ಡೆಕ್ಕಿನಲ್ಲಿ. ಮೊದಲು ಇಬ್ಬರು ಒಂದು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬರುತ್ತಾರೆ. ಇಷ್ಟು ದೊಡ್ಡ ಹಡಗು, ಇಷ್ಟೆಲ್ಲ ಯಂತ್ರ, ಹಡಗಿಗೂ ದಡಕ್ಕೂ ಹಗ್ಗ ಮುಟ್ಟಿಸುವುದಕ್ಕೆ ಮಾತ್ರ ಇಬ್ಬರು ಮನುಷ್ಯರ ರಟ್ಟೆ. ಆ ಹಗ್ಗ ಹಿಡಿದು ಎಳೆದುಕೊಂಡ ಉಕ್ಕಿನ ತಂತಿಗಳನ್ನು ದಡದ ಹಳಿಯ ಮೇಲೆ ಓಡುವ ‘ಮ್ಯೂಲ್’ ಎಂಬ ವಿದ್ಯುತ್ ಎಂಜಿನ್ನುಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅವು ಹಡಗನ್ನು ಎಳೆಯುತ್ತವೆ ಎಂದು ಎಲ್ಲರೂ ತಿಳಿಯುತ್ತಾರೆ. ಎಳೆಯುವುದಿಲ್ಲ, ಹಡಗು ತನ್ನ ಶಕ್ತಿಯಲ್ಲೇ ಸಾಗುತ್ತದೆ, ಇವು ಗೋಡೆಗೆ ಬಡಿಯದಂತೆ ನಡುವೆ ನಿಲ್ಲಿಸುತ್ತವೆ ಅಷ್ಟೆ. ಇಕ್ಕಟ್ಟಾದ ರಥಬೀದಿಯಲ್ಲಿ ತೇರು ಮನೆಗಳ ಸೂರಿಗೆ ತಗಲದಂತೆ ಸಾಗಿಸುವುದನ್ನು ನೋಡಿದವರಿಗೆ ಇದರ ರುಚಿ ಗೊತ್ತಾಗುತ್ತದೆ. ಅದೇ ಉಸಿರು ಬಿಗಿಹಿಡಿಯುವ ನಿಧಾನ. 2016ರಲ್ಲಿ ತೆರೆದ ಹೊಸ ಲಾಕುಗಳಲ್ಲಿ ಈ ಎಂಜಿನ್ನುಗಳಿಲ್ಲ, ಹಿಂದೊಂದು ಮುಂದೊಂದು ಟಗ್ ದೋಣಿ ಕಟ್ಟಿಕೊಂಡು ಹೋಗುತ್ತಾರೆ. ದೈತ್ಯ ಹಡಗುಗಳಿಗೆ ಅದೇ ದಾರಿ. ಕೇಳಿದರೆ ನಾನು ಹಳೆಯದಕ್ಕೇ ಓಟು ಹಾಕುವವನು. ಹಡಗು ಆರಿಸುವಾಗ ಅದರ ಅಗಲ ಎಷ್ಟು ಎಂದು ವಿಚಾರಿಸಿ.

ಷಡ್ಡಕರು ಕಂಬಿ ಹಿಡಿದು ನಿಂತವರು ಕದಲಲಿಲ್ಲ. “ಪಂಪೇ ಇಲ್ಲ ಕಣ್ರೀ!” ಎಂದು ಪಕ್ಕದಲ್ಲಿದ್ದ ಒಬ್ಬ ಅಪರಿಚಿತ ಅಮೆರಿಕನ್ನನಿಗೆ ಕನ್ನಡದಲ್ಲೇ ಹೇಳಿದರು. ನಿಜ, ಹಡಗನ್ನು ಸಮುದ್ರಮಟ್ಟದಿಂದ 26 ಮೀಟರ್ ಎತ್ತುವ ಇಡೀ ಕೆಲಸ ಮೇಲಿನಿಂದ ಹರಿದು ಬರುವ ಸಿಹಿನೀರಿನದು. ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಗಟೂನ್ ಸರೋವರದ ನೀರು. ಹಳೆಯ ಲಾಕುಗಳಲ್ಲಿ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಮುದ್ರ ಸೇರುತ್ತದೆ. ಈ ಅಂಕಿ ಕೇಳಿದಾಗ ಅವರ ಮುಖ ನೋಡಬೇಕಿತ್ತು. ನಾಲೆಯ ಕೊನೆ ಭಾಗದ ರೈತರಿಗೆ ಬೇಸಿಗೆಯಲ್ಲಿ ಉತ್ತರ ಕೊಟ್ಟ ಮನುಷ್ಯ. “ಮಳೆ ಕೈಕೊಟ್ರೆ ಏನ್ ಮಾಡ್ತಾರೆ?” ಅಂದರು. 2023ರಲ್ಲಿ ಕೈಕೊಟ್ಟಿತ್ತು. ದಿನಕ್ಕೆ 36ರ ಆಸುಪಾಸು ದಾಟುತ್ತಿದ್ದ ಹಡಗುಗಳನ್ನು 2024ರ ಆರಂಭದ ಹೊತ್ತಿಗೆ 24ಕ್ಕೆ ಇಳಿಸಬೇಕಾಯಿತು. ಉಳಿದವು ಎರಡೂ ಕಡಲಲ್ಲಿ ಸರದಿ ಕಾದವು. ಈಗಿನ ಹೊಸ ಲಾಕುಗಳು ಒಂದು ಸಲ ಬಳಸಿದ ನೀರಿನ ನೂರಕ್ಕೆ 60 ಭಾಗವನ್ನು ಪಕ್ಕದ ತೊಟ್ಟಿಗಳಲ್ಲಿ ಹಿಡಿದಿಟ್ಟು ಮತ್ತೆ ಬಳಸುತ್ತವೆ ಎಂದು ಗೊತ್ತಾದ ಮೇಲೇ ಅವರು ತಿಂಡಿಗೆ ಹೋದದ್ದು.

ಇನ್ನೊಂದು ಜಗಳ ದಿಕ್ಕಿನದು. ಅವರ ಶೀಟಿನಲ್ಲಿ ‘ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ, ಪಶ್ಚಿಮಾಭಿಮುಖ, ಸಂಜೆ ಫೋಟೋ ಹಡಗಿನ ಮೂತಿಯಿಂದ’ ಎಂದಿತ್ತು. ಮಧ್ಯಾಹ್ನ ಫೋನಿನ ದಿಕ್ಸೂಚಿ ತೆಗೆದರೆ ಹಡಗು ಆಗ್ನೇಯಕ್ಕೆ ಹೋಗುತ್ತಿದೆ! ಫೋನು ಕೆಟ್ಟಿದೆ ಎಂದು ನನ್ನದು ಕೇಳಿದರು, ಆಮೇಲೆ ಅತ್ತಿಗೆಯದು. ಯಾವುದೂ ಕೆಟ್ಟಿರಲಿಲ್ಲ. ಪನಾಮಾದ ಭೂಪಟ್ಟಿ ಅಲ್ಲಿ ಅಡ್ಡಡ್ಡ ಸೊಟ್ಟಗೆ ಮಲಗಿರುವುದರಿಂದ ಕಾಲುವೆಯ ಪೆಸಿಫಿಕ್ ಬಾಯಿ ಅಟ್ಲಾಂಟಿಕ್ ಬಾಯಿಗಿಂತ ಪೂರ್ವಕ್ಕಿದೆ. ಫೋಟೋ ಪ್ಲಾನು ಮಾಡುವವರು ಇದನ್ನು ಮರೆಯದಿರಿ.

ಮಿರಾಫ್ಲೋರೆಸ್ ಲಾಕಿನಲ್ಲಿ ಅಂತರ್ಜಾಲಕ್ಕೆ ನೇರ ಪ್ರಸಾರ ಮಾಡುವ ಕ್ಯಾಮೆರಾ ಇದೆ. ಅದರ ಕೆಳಗೆ ನಿಂತು ಕೈಬೀಸುವ ಕಾರ್ಯಕ್ರಮವನ್ನು ಬೇಕಾದರೆ ಹಾಕಿಕೊಳ್ಳಿ. ಆದರೆ ಹಡಗು ಅಲ್ಲಿಗೆ ತಲುಪುವ ಮಧ್ಯಾಹ್ನ ಮೂರಕ್ಕೆ ಮೈಸೂರಿನಲ್ಲಿ ರಾತ್ರಿ ಒಂದೂವರೆ. ಅತ್ತೆಯನ್ನು ಎಬ್ಬಿಸಿ ಪರದೆಯ ಮೇಲೆ ಸಾಸಿವೆಕಾಳಿನಷ್ಟು ಕಾಣುವ ಅಳಿಯನನ್ನು ತೋರಿಸಿದರೆ ಬರುವ ಆಶೀರ್ವಾದಕ್ಕೆ ನಾನು ಹೊಣೆಯಲ್ಲ.

ಇಳಿದು ನೋಡುವ ಆಸೆಯವರಿಗೂ ದಾರಿಯಿದೆ. ಅರ್ಧ ದಾಟುವ ಹಡಗು ಹಿಡಿಯಿರಿ, ಇಲ್ಲವೆ ಕಾಲುವೆಗೆ ಹಿಂದೆಯೋ ಮುಂದೆಯೋ ಪನಾಮಾದಲ್ಲೇ ಒಂದು ದಿನ ನಿಲ್ಲುವ ಹಡಗನ್ನು ಆರಿಸಿ. ಕಾಲುವೆ ದಾಟಿದವರಿಗೆ ಮಿರಾಫ್ಲೋರೆಸ್ ವೀಕ್ಷಣಾ ಕೇಂದ್ರ ಬೇಡ. ಅಲ್ಲಿ ನಿಂತವರು ದುಡ್ಡು ಕೊಟ್ಟು ನೋಡುವುದು ನಿಮ್ಮನ್ನೇ. ಚಾಗ್ರೆಸ್ ನದಿಯ ಬಾಯಲ್ಲಿರುವ ಸ್ಪೇನಿನವರ ಸಾನ್ ಲೊರೆಂಜೊ ಕೋಟೆ ಚೆನ್ನ: ಕಾಡು, ಕಡಲು, ತುಕ್ಕು ಹಿಡಿದ ಫಿರಂಗಿ, ಗಲಾಟೆಯಿಲ್ಲ. ಪನಾಮಾ ನಗರದಲ್ಲಿ 1671ರಲ್ಲಿ ಹೆನ್ರಿ ಮಾರ್ಗನ್ ದಾಳಿಯಲ್ಲಿ ಹಾಳಾದ ಮೊದಲ ಊರಿನ ಅವಶೇಷವೂ, ಆಮೇಲೆ ಕಟ್ಟಿಕೊಂಡ ಕಾಸ್ಕೊ ವಿಯೆಹೊ ಬೀದಿಗಳೂ ಒಂದೇ ದಿನಕ್ಕೆ ಆಗುತ್ತವೆ; ‘ಕವರ್’ ಮಾಡುವ ಚಟಕ್ಕೆ ಇಷ್ಟು ಸಾಕು. ಎಂಬೆರಾ ಹಳ್ಳಿಗೆ ಮರದ ದೋಣಿಯಲ್ಲಿ ನದಿಯ ಮೇಲೆ ಹೋಗುವುದೇ ಸೊಗಸು. ಊಟಕ್ಕೆ ಕರಿದ ಮೀನು, ಬಾಳೆಕಾಯಿ. ಮೀನು ಬೇಡ ಎನ್ನುವವರು ಬಾಳೆಕಾಯಿ, ಹಣ್ಣಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಅಲ್ಲಿನ ಕುಣಿತಕ್ಕೆ ಕ್ಯಾಮೆರಾ ಹಿಡಿದು ಸಾಲುಗಟ್ಟುವುದು ನನಗೆ ಅಷ್ಟು ಹಿಡಿಸದ ಮಾತು. ಇನ್ನು ಪನಾಮಾ ಹ್ಯಾಟು: ಜಗತ್ಪ್ರಸಿದ್ಧವಾದ ಆ ಬಿಳಿ ಟೋಪಿ ಹೆಣೆಯುವುದು ಈಕ್ವೆಡಾರ್‌ನಲ್ಲಿ. ಕೊಳ್ಳಿ, ಬೇಡ ಅನ್ನುವುದಿಲ್ಲ. ಬಂದು ಕತೆ ಹೇಳುವಾಗ ಮಾತ್ರ ನೆನಪಿರಲಿ.

ಹಡಗಿನವರ ಟೂರೋ, ಹೊರಗಿನವರ ಟೂರೋ ಎಂಬುದು ಡೈನಿಂಗ್ ಹಾಲಿನ ನಿತ್ಯದ ಚರ್ಚೆ. ಹೊರಗಿನದು ಅಗ್ಗ. ಹಡಗಿನವರ ಟೂರು ತಡವಾದರೆ ಹಡಗು ಕಾಯುತ್ತದೆ, ನೀವೇ ಗೊತ್ತುಮಾಡಿಕೊಂಡದ್ದು ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು. “ಐದೇ ನಿಮಿಷ, ಬಂದೆ” ಎಂದು ಅರ್ಧ ಗಂಟೆ ಕಾಯಿಸುವವರು ಯಾರೆಂದು ಅವರವರ ಮನೆಯವರಿಗೆ ಗೊತ್ತು. ಅಂಥವರು ನಾಲ್ಕು ಡಾಲರ್ ಹೆಚ್ಚು ಕೊಟ್ಟು ಹಡಗಿನ ಟೂರೇ ಮಾಡಲಿ. ಖರ್ಚಿನ ಮಾತೇ ಆದರೆ, 1928ರಲ್ಲಿ ರಿಚರ್ಡ್ ಹ್ಯಾಲಿಬರ್ಟನ್ ಎಂಬ ಅಮೆರಿಕನ್ ಬರಹಗಾರ ಈ ಕಾಲುವೆಯನ್ನು ಈಜಿ ದಾಟಿದ. ಅವನ ತೂಕಕ್ಕೆ ಸುಂಕ ಹಾಕಿ 36 ಸೆಂಟ್ ವಸೂಲು ಮಾಡಿದರು. ಅದಕ್ಕಿಂತ ಅಗ್ಗದ ಪ್ಯಾಕೇಜು ನನಗಂತೂ ಗೊತ್ತಿಲ್ಲ.

ಶೀಟಿನಲ್ಲಿ ಯಾರೂ ಬರೆಯದ ಕಾಲಂ ಒಂದಿದೆ: ಹಳದಿ ಜ್ವರ. ಪನಾಮಾದಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಹತ್ತಿರ ಲಸಿಕೆಯ ಚೀಟಿ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೇ ಆ ಚೀಟಿಗೆ ಬೆಲೆ. ಅರವತ್ತು ದಾಟಿದವರು ಮೊದಲು ಡಾಕ್ಟರನ್ನು ಕೇಳಬೇಕು. ನಾವು ಮಗಳ ಮನೆಯಲ್ಲಿ ಮತ್ತೆರಡು ವಾರ ಕೂತು ತಿಂದು ಬಂದೆವು, ತಾಪತ್ರಯ ಆಗಲಿಲ್ಲ. ತಮಾಷೆ ಮಾಡುವ ಕಾಯಿಲೆಯಲ್ಲ ಇದು. 1880ರ ದಶಕದಲ್ಲಿ ಫ್ರೆಂಚರು ಇಲ್ಲಿ ಅಗೆಯಲು ಬಂದು ಹಳದಿ ಜ್ವರ, ಮಲೇರಿಯಾಗಳಲ್ಲಿ ಸುಮಾರು 22,000 ಜನರನ್ನು ಕಳೆದುಕೊಂಡರು. ಇರುವೆ ಹತ್ತದಿರಲಿ ಎಂದು ಆಸ್ಪತ್ರೆಯ ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದರಂತೆ. ಸೊಳ್ಳೆಗಳು ಅಲ್ಲೇ ಸಂಸಾರ ಹೂಡಿದವು. ಮುಂದೆ ಅಮೆರಿಕನ್ನರ ಡಾಕ್ಟರ್ ವಿಲಿಯಂ ಗೋರ್ಗಸ್ ನಿಂತ ನೀರನ್ನು ಬೆನ್ನಟ್ಟಿದ ಮೇಲೇ ಕಾಲುವೆ ಮುಗಿದದ್ದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಕಿಟಕಿಯಾಚೆಯ ತೊಟ್ಟಿಯ ನೀರು ಚೆಲ್ಲಿ ಸೊಳ್ಳೆ ಕಾಟ ಇಳಿಸಿದ್ದನು. ಇದನ್ನು ಹೇಳಿದ್ದೇ ಹೇಳಿದ್ದು, ಪನಾಮಾ ಕಾಲುವೆಗೆ ಬೆಂಗಳೂರಿನ ತೊಟ್ಟಿಯೇ ಮೂಲ ಎಂದು ಷಡ್ಡಕರು ರಾತ್ರಿಯ ಊಟಕ್ಕೆ ಕೂತವರಿಗೆಲ್ಲ ಸಾರಿಬಿಟ್ಟರು.

ಒಟ್ಟಿನಲ್ಲಿ, ಪೂರ್ತಿ ದಾಟುವ ಹಡಗೇ ಹಿಡಿಯಿರಿ. ಮಿಕ್ಕ ಬಂದರುಗಳಲ್ಲಿ ಎಷ್ಟು ಬೇಕಾದರೂ ಸುತ್ತಿ, ಕಾಲುವೆಯ ದಿನದ ಸಾಲನ್ನು ಖಾಲಿ ಬಿಡಿ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಆದರೂ ಟೋಪಿ, ನೀರಿನ ಬಾಟಲಿ, ಸೆಕೆ ತಡೆಯುವ ಹತ್ತಿ ಬಟ್ಟೆ ಇರಲಿ. ಬೆಳಗ್ಗೆ ಐದೂವರೆಗೇ ಮುಂಭಾಗದ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಲ್ಲಿ, ಆರೂವರೆಗೆ ಬಂದವರಿಗೆ ಸಿಗುವುದು ಎದುರಿನವರ ಬೆನ್ನು. ಅಷ್ಟು ಬೇಗ ಕಾಫಿ ಎಲ್ಲಿ ಸಿಗುತ್ತದೆ ಎಂದು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ.