ಹೇರುಗುದುರೆಯ ಹೆಸರಿನ ತಂಗುಮನೆ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಸಮೀಪದ ಬ್ಯಾಂಕ್ಸ್ ಪರ್ಯಾಯದ್ವೀಪದಲ್ಲಿ, ಕೈಟುನಾ ಕಣಿವೆಯಿಂದ ‘ಪ್ಯಾಕ್‌ಹಾರ್ಸ್ ಹಟ್’, ಅಂದರೆ ಹೇರುಗುದುರೆಯ ಮನೆ, ಎಂಬ ಕಲ್ಲಿನ ತಂಗುಮನೆಗೆ ಏರುವ ಕಾಲುದಾರಿಯು ಆರಂಭದಲ್ಲಿ ರೈತರ ಹುಲ್ಲುಗಾವಲುಗಳನ್ನು ಹಾದುಹೋಗುವುದರಿಂದ, ಸಂಸಾರಸಮೇತ ಹೊರಟವರನ್ನು ಅಲ್ಲಿ ಮೊದಲು ಪರಾಂಬರಿಸುವವು ಕುರಿಗಳೇ. ಬೇಲಿ ದಾಟಲು ‘ಸ್ಟೈಲ್’ಗಳು, ಅಂದರೆ ಮನುಷ್ಯರು ಹತ್ತಿಳಿಯಬಹುದಾದ ಆದರೆ ಕುರಿಗಳಿಗೆ ಒದಗದ ಮೆಟ್ಟಿಲುಗಳಿದ್ದು, ಮಕ್ಕಳು ಅವನ್ನು ನೆಗೆದು ದಾಟಿದರೆ, ಬುತ್ತಿಯ ಚೀಲ ಹೊತ್ತ ಹಿರಿಯರು ಪ್ರಕೃತಿಸೌಂದರ್ಯವನ್ನು ಆಸ್ವಾದಿಸುವ ನೆಪದಲ್ಲಿ ಅಲ್ಲೇ ಕುಳಿತು ಸುಧಾರಿಸಿಕೊಳ್ಳುತ್ತಾರೆ. ಆಮೇಲೆ ಕಾಡು. ‘ಇನ್ನೆಷ್ಟು ದೂರ?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ, ಕೇಳುವವರು ಮಾತ್ರ ಸಾಮಾನ್ಯವಾಗಿ ಮಕ್ಕಳಲ್ಲ.

ಕ್ರೈಸ್ಟ್‌ಚರ್ಚಿನಿಂದ ಅಕರೋವಾವರೆಗೆ ಬೆಟ್ಟದ ನೆತ್ತಿಯುದ್ದಕ್ಕೂ ರಸ್ತೆಯನ್ನೂ ದಣಿದವರಿಗೆ ತಂಗುಮನೆಗಳನ್ನೂ ನಿರ್ಮಿಸಲು ಹೊರಟ ಹ್ಯಾರಿ ಎಲ್ ಎಂಬ ರಾಜಕಾರಣಿಯ ಹಠದ ಫಲವಾಗಿ, ಜ್ವಾಲಾಮುಖಿ ಶಿಲೆಯಿಂದ 1916ರಲ್ಲಿ ಎದ್ದುನಿಂತ ಈ ಕಟ್ಟಡಕ್ಕೆ ಹೇರುಗುದುರೆಯ ಹೆಸರಿಟ್ಟಿರುವುದು ತನ್ನ ಸನ್ಮಾನಕ್ಕೇ ಎಂದು, ಮಗುವನ್ನೂ ಮಗುವಿನ ಚೀಲವನ್ನೂ ಹೊತ್ತು ಬಂದ ತಂದೆಯು ಭಾವಿಸಿದರೆ ಆಕ್ಷೇಪಿಸುವಂತಿಲ್ಲ. 1934ರಲ್ಲಿ ಎಲ್ ತೀರಿಕೊಂಡಾಗ ಯೋಜನೆ ಅಪೂರ್ಣವಾಗಿಯೇ ಇತ್ತು. ಈಗ ಇಲ್ಲಿ ರಾತ್ರಿ ತಂಗಬಯಸುವವರು ಸಂರಕ್ಷಣಾ ಇಲಾಖೆಯಲ್ಲಿ ಮುಂಗಡವಾಗಿ ಜಾಗ ಕಾಯ್ದಿರಿಸಬೇಕು.