ತಲೆಯ ದರ ಐನೂರು ಮಾತ್ರ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಬೆಲೆ ನಿನ್ನೆಯದು ಇವತ್ತಿಲ್ಲ, ಈ ಲಾಟಿನದು ಪಕ್ಕದ ಲಾಟಿಗಿಲ್ಲ. ಅದೇ ಊರಿನ ರಸ್ತೆಯಲ್ಲಿ ಬೈಕ್ ಮೇಲೆ ಓಡಾಡುವ ತಲೆಯ ಬೆಲೆ ಮಾತ್ರ ಗಟ್ಟಿ: ಐನೂರು ರೂಪಾಯಿ. 2019ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ಕಾಯ್ದೆಯನ್ನು ತಿದ್ದಿ, ಹೆಲ್ಮೆಟ್ ಇಲ್ಲದ ತಲೆಗೆ ಸಾವಿರ ಎಂದಿತು. ಜನ ಬಾಯಿ ಬಾಯಿ ಬಡಿದುಕೊಂಡರು. ನಮ್ಮವರ ತಲೆ ಅಷ್ಟು ಬಾಳುವುದಿಲ್ಲವೆಂದು ರಾಜ್ಯ ಸರ್ಕಾರಕ್ಕೂ ಅನಿಸಿರಬೇಕು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅರ್ಧಕ್ಕೆ ಇಳಿಸಿತು.

ಚೌಕಾಸಿ ಅಲ್ಲಿಗೂ ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಂತು. ಆಷಾಢದ ಸೀರೆ ಸೇಲಿಗೆ ಕಾಯುವಂತೆ ಈಗ ಜನ ದಂಡದ ಸೇಲಿಗೆ ಕಾಯುತ್ತಾರೆ. ಈ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರೆಂದರೆ ಒಬ್ಬ ಸ್ಕೂಟರ್ ಮಾಲೀಕರು. ಆ ಆಗಸ್ಟ್ ಮೊದಲ ವಾರ ಕನಕಪುರದ ಶಾಸಕರೂ ಉಪಮುಖ್ಯಮಂತ್ರಿಯೂ ಆಗಿದ್ದ ಡಿ.ಕೆ. ಶಿವಕುಮಾರ್ ಹೆಬ್ಬಾಳದ ಮೇಲ್ಸೇತುವೆಯ ಹೊಸ ಲೂಪ್ ನೋಡಲು ಅವರ ಸ್ಕೂಟರ್ ಏರಿದರು. ಜನ ಸೇತುವೆ ನೋಡುವುದು ಬಿಟ್ಟು ನಂಬರ್ ಪ್ಲೇಟ್ ನೋಡಿದರು: 34 ಪ್ರಕರಣ, ₹18,500 ಬಾಕಿ. ಪೊಲೀಸರು ವಸೂಲಿ ಮಾಡಿಕೊಂಡರು. ಸಾಹೇಬರು ಸವಾರಿಯನ್ನು ಮೂರು ವಾರ ಮುಂದೂಡಿದ್ದರೆ ಆ ಪುಣ್ಯಾತ್ಮರಿಗೆ ಅರ್ಧದಷ್ಟು ಉಳಿಯುತ್ತಿತ್ತು.

ಹಾಗೆಂದು ನಮ್ಮ ಜಿಲ್ಲೆಯ ಐದೂ ತಾಲ್ಲೂಕಿನಲ್ಲಿ ಹೆಲ್ಮೆಟ್ಟಿಗೆ ಬರವೇನಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವಿನಂತೆ ಕೂತಿರುತ್ತದೆ, ಕನ್ನಡಿಗೆ ನೇತುಬಿದ್ದಿರುತ್ತದೆ, ಮೊಣಕೈಗೆ ಬಳೆಯಾಗಿರುತ್ತದೆ. ಮೊಣಕೈ ಮುರಿದರೆ ಕೂಡಿಕೊಳ್ಳುತ್ತದೆ, ಆದರೂ ರಕ್ಷಣೆ ಅದಕ್ಕೇ. ತಲೆಗೆ ಹಾಕಿಕೊಂಡವರಲ್ಲೂ ಬಕಲ್ ಬಿಗಿಯುವವರು ಕಡಿಮೆ. ಬಿದ್ದಾಗ ತಲೆ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದು 2021ರ ಜೂನ್‌ನಿಂದ ಕಾನೂನಿದೆ. ಅದಕ್ಕೇ ರಸ್ತೆ ಬದಿಯ ಅಂಗಡಿಯವನು ಅರ್ಧ ಟೋಪಿಗೂ ಐಎಸ್‌ಐ ಸ್ಟಿಕ್ಕರ್ ಅಂಟಿಸಿಕೊಡುತ್ತಾನೆ.

ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲೇ. ಆದರೂ ಚನ್ನಪಟ್ಟಣದ ಸಂತೆಗೆ ಹೊರಟ ಸಂಸಾರದಲ್ಲಿ ಯಜಮಾನರ ತಲೆಗೆ ಮಾತ್ರ ಹೆಲ್ಮೆಟ್. ಒಂದೇ ಕಡೆ ಕಾಲು ಹಾಕಿ ಕೂತ ಹೆಂಡತಿಗೆ ಸೆರಗು, ಮಡಿಲ ಮಗುವಿಗೆ ದೃಷ್ಟಿಬೊಟ್ಟು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂದೆ ಕೂತವರು, ಅಂದರೆ ಹ್ಯಾಂಡಲ್ ಮುಟ್ಟದವರು.

ಜಾಗ್ರತೆಯನ್ನು ನಾವು ಬೇರೆ ಇಲಾಖೆಗೆ ವಹಿಸಿದ್ದೇವೆ. ಹೊಸ ಬೈಕ್ ಶೋರೂಮಿನಿಂದ ನೇರ ಕೆಂಗಲ್ ಆಂಜನೇಯನ ಮುಂದೆ ನಿಲ್ಲುತ್ತದೆ. ಚಕ್ರಕ್ಕೊಂದು ನಿಂಬೆಹಣ್ಣು, ಹ್ಯಾಂಡಲ್ಲಿಗೆ ಹಾರ, ಹೆಡ್‌ಲೈಟಿಗೆ ಕುಂಕುಮ. ಶೋರೂಮಿನವರು ಜೊತೆಗೆ ಕೊಟ್ಟ ಹೆಲ್ಮೆಟ್ ಪ್ಲಾಸ್ಟಿಕ್ ಕವರಿನೊಳಗೇ ಅಟ್ಟ ಸೇರುತ್ತದೆ. ಕೊಡುವುದನ್ನೆಲ್ಲ ಕೊಟ್ಟ ಮೇಲೆ ಬ್ರೇಕ್ ಹಿಡಿಯುವ ಕೆಲಸ ಆಂಜನೇಯನದು.

ಕಾರ್ತಿಕ ಕಳೆಯುತ್ತಿದ್ದಂತೆ ಆಂಜನೇಯನಿಗೂ ಕೈಮೀರುತ್ತದೆ, ಆಗ ಒಕ್ಕಣೆ ಶುರು. ಮಾಗಡಿ, ಕನಕಪುರದ ಹಳ್ಳಿ ರಸ್ತೆಗಳಲ್ಲಿ ರಾಗಿ ತೆನೆ, ಹುರುಳಿ ಬಳ್ಳಿ ಡಾಂಬರಿನ ಮೇಲೆ ಮಲಗುತ್ತವೆ. ಮೊದಲು ಊರೂರಿಗೆ ಸಗಣಿ ಸಾರಿಸಿದ ಕಣವಿತ್ತು, ರೋಣಗಲ್ಲಿತ್ತು. ಈಗ ಕಣ ಸೈಟಾಗಿದೆ, ಆಳು ಬೆಂಗಳೂರಿಗೆ ಹೋಗಿದ್ದಾನೆ. ಉಳಿದಿರುವುದು ಸರ್ಕಾರ ಹಾಕಿಕೊಟ್ಟ ಉದ್ದನೆಯ ಕಪ್ಪು ಕಣ, ತುಳಿದುಕೊಡಲು ಪುಕ್ಕಟೆ ಚಕ್ರಗಳು. ರೈತನ ಕಷ್ಟ ಸುಳ್ಳಲ್ಲ. ಆದರೆ ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡ ಮೇಲೆ ಬೈಕ್ ಸವಾರನ ಮಾತು ಕೇಳುವುದಿಲ್ಲ. 125 ಸಿಸಿ ಮೇಲಿನ ಬೈಕುಗಳಿಗೆ 2019ರಿಂದ ಕಡ್ಡಾಯವಾಗಿರುವ ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ನಿಜ. ಟೈರಿನ ಕೆಳಗಿನ ರಾಗಿ ಕಾಳನ್ನು ಅದು ಹಿಡಿದು ನಿಲ್ಲಿಸಲಾರದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟವನು, ಇದೇನಪ್ಪ ಎಂದುಕೊಳ್ಳುವ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರ್ ದಾಟಿ ರಾಶಿಯ ನಡುವೆ ಇರುತ್ತಾನೆ. ಇನ್ನು ರಾಶಿಗೆ ಕಾವಲಾಗಿ ಸುತ್ತ ಇಟ್ಟ ಕಲ್ಲುಗಳು! ಸಂಜೆ ರಾಗಿ ಮನೆಗೆ, ಹುಲ್ಲು ಮೆದೆಗೆ. ಕಲ್ಲು ಕತ್ತಲಲ್ಲಿ ರಸ್ತೆಯಲ್ಲೇ. 2025ರಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆದರು. ಕಲ್ಲುಗಳಿಗೆ ಸುದ್ದಿ ಮುಟ್ಟಿಲ್ಲ.

ಮೈಸೂರು ಹೆದ್ದಾರಿಯ ಕಥೆ ಚಿಕ್ಕದು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಗೆ ತಳ್ಳಿಸಿಕೊಂಡ ಸವಾರ ಎರಡು ಕಿಲೋಮೀಟರ್ ಸುತ್ತುವುದೇಕೆಂದು ಎದುರು ದಿಕ್ಕಿನಲ್ಲೇ ಬರುತ್ತಾನೆ, ಮೊಬೈಲನ್ನು ಕಿವಿ–ಭುಜದ ನಡುವೆ ಸಿಕ್ಕಿಸಿಕೊಂಡು. ಸರಿಯಾದ ದಿಕ್ಕಿನಲ್ಲಿ ಬಂದವನೇ ಬೈಸಿಕೊಂಡು ಪಕ್ಕಕ್ಕೆ ಸರಿಯಬೇಕು.

ಪರೋಪಕಾರ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಎದುರಿನಿಂದ ಬರುವ ಅಪರಿಚಿತನೂ ಲೈಟ್ ಹೊಡೆದು ಎಚ್ಚರಿಸುತ್ತಾನೆ, ಮುಂದೆ ಪೊಲೀಸರಿದ್ದಾರೆ ಎಂದು. ಮುಂದೆ ಹುರುಳಿ ಹರಡಿದೆ, ಗುಂಡಿಯಿದೆ, ಕಲ್ಲಿದೆ ಎಂದು ಲೈಟ್ ಹೊಡೆದವರು ನನಗಂತೂ ಸಿಕ್ಕಿಲ್ಲ. ಮೊನ್ನೆ ಮಾಗಡಿ ರಸ್ತೆಯ ಪಂಕ್ಚರ್ ಅಂಗಡಿ ಮುಂದೆ ಒಬ್ಬ ಹೆಲ್ಮೆಟ್ ಹಾಕಿಕೊಂಡೇ ಬಂದು ಬೈಕ್ ನಿಲ್ಲಿಸಿದ. ಬಕಲ್ ಕೂಡ ಹಾಕಿದ್ದ.

“ಅಣ್ಣ, ಮುಂದೆ ನಿಂತವ್ರಾ?”

“ಇಲ್ಲ ಕಣಣ್ಣ. ಈಗ ತಾನೇ ಜೀಪ್ ಹೋಯ್ತು. ರೋಡ್ ಪೂರ್ತಿ ಹುರುಳಿ ಹಾಕವ್ರೆ, ಅಷ್ಟೇ.”

“ಅಷ್ಟೇ ತಾನೆ,” ಎಂದು ಹೆಲ್ಮೆಟ್ ಬಿಚ್ಚಿ ಕನ್ನಡಿಗೆ ನೇತುಹಾಕಿ, ಕೂದಲು ಸರಿಮಾಡಿಕೊಂಡು ಹೊರಟ.