ಕಾಲಿಗೂ ಒಂದು ಕೋಡು

ಅಮೆರಿಕದ ಯಾವುದೋ ಊರಿನಲ್ಲಿ ಯಾರದೋ ಕಾಲು ಊದಿಕೊಂಡರೆ ಅದರ ಚಿಂತೆ ಬೆಂಗಳೂರಿನ ನಮ್ಮ ಮನೆಯ ಮೂಲೆಕೋಣೆಯಲ್ಲಿ ನಡೆಯುತ್ತದೆ. ನನ್ನ ಹೆಂಡತಿ ಮೆಡಿಕಲ್ ಕೋಡರ್, ರೇಡಿಯಾಲಜಿ ವಿಭಾಗ. ಅಲ್ಲಿನ ಡಾಕ್ಟರು ಬರೆದ ರಿಪೋರ್ಟು ಓದಿ, ಮಾಡಿದ ಕೆಲಸಕ್ಕೊಂದು ನಂಬರು, ಮಾಡಿದ ಕಾರಣಕ್ಕೊಂದು ನಂಬರು ಹಾಕುವುದು ಅವಳ ಉದ್ಯೋಗ. ಆ ನಂಬರು ನೋಡಿಯೇ ಅಲ್ಲಿನ ಇನ್ಶೂರೆನ್ಸ್‌ನವರು ದುಡ್ಡು ಬಿಚ್ಚುವುದು. ರೋಗಿಗಳ ಗುಟ್ಟು ಹೊರಬೀಳಬಾರದೆಂದು ಬಾಗಿಲು ಹಾಕಿಕೊಂಡೇ ಕೆಲಸ. ಮೊಬೈಲನ್ನೂ ಒಳಗೆ ಒಯ್ಯುವಂತಿಲ್ಲ. ಮೊಬೈಲಿಗೇ ಪ್ರವೇಶವಿಲ್ಲದ ಕೋಣೆಗೆ ಗಂಡನನ್ನು ಯಾರು ಬಿಟ್ಟುಕೊಳ್ಳುತ್ತಾರೆ?

“ರಾತ್ರಿಯೆಲ್ಲ ಕೂತು ಯಾರ ಕಾಲು ನೋಡ್ತೀಯೇ ತಾಯಿ?” ಎಂದು ನನ್ನ ಅಮ್ಮ ಕೇಳುವುದುಂಟು.

“ಕಾಲು ನೋಡಲ್ಲ ಅತ್ತೆ, ಕಾಲಿನ ಬಗ್ಗೆ ಏನು ಬರ್ದಿದಾರೆ ಅಂತ ನೋಡ್ತೀನಿ.”

ಇವೆರಡಕ್ಕೂ ಇರುವ ವ್ಯತ್ಯಾಸ ತಿಳಿಯಲು ನನ್ನ ಕಾಲೇ ಊದಬೇಕಾಯಿತು. ಕರೆಂಟು ಹೋದ ಒಂದು ರಾತ್ರಿ ಮಂಚದ ಅಂಚು ಮೊಣಕಾಲಿನ ಕೆಳಗೆ ಬಡಿಯಿತು. “ಅಯ್ಯೋ ಕಾಲು!” ಎಂದು ಕೂಗಿದೆ. ಬೇರೆ ಮನೆಗಳಲ್ಲಿ ಹೆಂಡತಿಯರು ಎಣ್ಣೆ ಬಿಸಿ ಮಾಡಿ ತರುತ್ತಾರಂತೆ. ನನ್ನವಳು ಬಾಗಿಲ ಸಂದಿಯಿಂದ “ಯಾವ ಕಾಲೂರೀ?” ಎಂದಳು.

“ಕಾಲು ಅಂದ್ರೆ ಕಾಲು ಕಣೇ!”

“ಬಲಗಾಲು ನೋವಾದ್ರೆ ಎಂ 79.604, ಎಡಗಾಲಾದ್ರೆ 605. ಯಾವುದೂಂತ ಬಾಯ್ಬಿಡದವರಿಗೆ 606. ಅದನ್ನ ಕಳಿಸಿದ್ರೆ ಯಾವ ಇನ್ಶೂರೆನ್ಸ್‌ನವನೂ ಸುಲಭಕ್ಕೆ ಒಪ್ಪಲ್ಲ.”

ಎಡ ಎಂದು ಒಪ್ಪಿಕೊಂಡೆ. ಆಮೇಲೆ ತೊಡೆಯೋ, ಮೀನಖಂಡವೋ, ಪಾದವೋ ಎಂಬ ವಿಚಾರಣೆ. ಕೊನೆಗೆ ಐಸ್ ಬಂತು, ಜೊತೆಗೆ ಇನ್ನೊಂದು ನಂಬರೂ ಬಂತು. ಪೀಠೋಪಕರಣಕ್ಕೆ ನಡೆದುಕೊಂಡು ಹೋಗಿ ಡಿಕ್ಕಿ ಹೊಡೆಯುವವರಿಗೆಂದೇ ಡಬ್ಲ್ಯೂ 22.03 ಇದೆಯಂತೆ. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಜಾರಿಗೆ ಬಂದ ಐಸಿಡಿ-10 ಪಟ್ಟಿಯಲ್ಲಿ ಕೋಳಿ ಕುಕ್ಕಿದರೂ ಒಂದು ಕೋಡ್ ಇದೆ, ಡಬ್ಲ್ಯೂ 61.33. ಗಂಡಹೆಂಡಿರ ಮನಸ್ತಾಪಕ್ಕೆ ಝಡ್ 63.0, ಅತ್ತೆಮನೆಯವರ ಜೊತೆಗಿನ ತೊಂದರೆಗೆ ಝಡ್ 63.1. ಇದನ್ನು ಕೇಳಿ ಅತ್ತೆಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ಕೋಡಿನ ನಡುವೆ ಸಿಕ್ಕಿಕೊಂಡವನಿಗೆ ನಂಬರು ಉಂಟೇ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಊತ ಇಳಿಯಲಿಲ್ಲ, ಜ್ವರವೂ ಸೇರಿಕೊಂಡಿತು. ಒಳಗೆ ಕೀವು ಕಟ್ಟಿರಬಹುದೆಂದು ಡಾಕ್ಟರು ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ನಾನು ಕಂಗಾಲು, ನನ್ನವಳಿಗೆ ಉತ್ಸಾಹ. ಇಷ್ಟು ವರ್ಷ ಕಾಗದದಲ್ಲಷ್ಟೇ ಕಂಡ 73701 ಎಂಬ ಕೋಡ್ ಈಗ ಲುಂಗಿ ಉಟ್ಟುಕೊಂಡು ಎದುರಿಗೇ ಕೂತಿತ್ತು.

“ಕಾಂಟ್ರಾಸ್ಟ್ ಅಂದ್ರೆ ಕುಡಿಯೋಕೆ ಕೊಡ್ತಾರಾ?” ಎಂದೆ, ಆಸೆಯಿಂದ.

“ಕುಡಿದದ್ದು ಲೆಕ್ಕಕ್ಕಿಲ್ಲ. ಕಾಲಿನ ಸ್ಕ್ಯಾನಿಗೆ ಸೂಜಿಯಲ್ಲಿ ರಕ್ತನಾಳಕ್ಕೋ ಕೀಲಿಗೋ ಹೋದ್ರೇನೇ ಕಾಂಟ್ರಾಸ್ಟ್ ಅಂತ ಕೋಡ್ ಹಾಕೋದು.” ಆಮೇಲೆ ಪಾಠ ಶುರುವಾಯಿತು. ಕಾಂಟ್ರಾಸ್ಟ್ ಇಲ್ಲದೆ ಕಾಲಿನ ಸಿಟಿ 73700. ಹಾಕಿ ತೆಗೆದರೆ 73701. ಮೊದಲು ಹಾಕದೆ, ಆಮೇಲೆ ಹಾಕಿ ತೆಗೆದರೆ 73702. ರಕ್ತನಾಳಗಳನ್ನೇ ನೋಡುವ ಆಂಜಿಯೋ ಆದರೆ 73706. ಎಡಗಾಲಿಗೆ ಎಲ್‌ಟಿ, ಬಲಗಾಲಿಗೆ ಆರ್‌ಟಿ ಎಂದು ಬಾಲ. ಒಂದೇ ಕಾಲಿಗೆ ಒಂದೇ ಸಲಕ್ಕೆ 73700, 73701 ಎರಡನ್ನೂ ಬೇರೆಬೇರೆ ಬರೆದು ದುಡ್ಡು ಕೇಳುವ ಹಾಗಿಲ್ಲ.

ನನಗಿಂತ ಮೊದಲು ಅಮ್ಮನಿಗೆ ಅರ್ಥವಾಯಿತು. “ಮಸಾಲೆ ದೋಸೆ ಕೊಟ್ಟ ಮೇಲೆ, ಒಳಗಿರೋ ಸಾದಾ ದೋಸೆಗೆ ಬೇರೆ ಕಾಸು ಕೇಳಬಾರ್ದು ಅಂತ ತಾನೆ?”

“ಕರೆಕ್ಟ್ ಅತ್ತೆ!” ಎಂದು ಸೊಸೆ ಚಪ್ಪಾಳೆ ತಟ್ಟಿದಳು. ಮನೆಯಲ್ಲಿ ಈಗ ಇಬ್ಬರು ಕೋಡರ್‌ಗಳು.

ಆಸ್ಪತ್ರೆಯಲ್ಲಿ ಮೊದಲು ಕ್ರಿಯಾಟಿನಿನ್ ನೋಡಿದರು. ಕಿಡ್ನಿ ಸರಿಯಿದೆಯೆಂದು ಖಾತ್ರಿಯಾದ ಮೇಲೇ ಕಾಂಟ್ರಾಸ್ಟ್ ಎಂಬ ಅಯೋಡಿನ್ ಔಷಧಿ. ಕೈಗೆ ಕ್ಯಾನುಲಾ ಚುಚ್ಚಿದ ಹುಡುಗ, “ಸರ್, ಮೈಯೆಲ್ಲ ಬಿಸಿಯಾಗುತ್ತೆ. ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ. ಮೂತ್ರ ಹೋದ ಹಾಗನ್ಸುತ್ತೆ, ಆದ್ರೆ ಹೋಗಿರಲ್ಲ, ಗಾಬರಿಯಾಗ್ಬೇಡಿ” ಎಂದ. ಔಷಧಿ ಒಳಗಿಳಿಯಿತು. ಬಿಸಿ ಕತ್ತಿನಿಂದ ಹೊರಟು ಹೊಟ್ಟೆ ದಾಟಿ ಕೆಳಗಿಳಿದು, ಹೇಳಿದ ಜಾಗದಲ್ಲಿ ಹೇಳಿದ ಹಾಗೇ ಅನ್ನಿಸಿತು. ಅವನ ಮಾತಿನಲ್ಲಿ ನಂಬಿಕೆಯಿಟ್ಟು ಮಲಗಿದ್ದೆನಾದರೂ, ಎದ್ದ ಕೂಡಲೇ ಕದ್ದು ಹಿಂದೆ ಮುಟ್ಟಿ ನೋಡಿಕೊಂಡೆ.

“ಅಲ್ಲಿ ಯಂತ್ರದ ಖರ್ಚಿಗೆ ಟಿಸಿ ಅಂತ ಹಾಕ್ತೀವಿ, ಓದಿದ ಡಾಕ್ಟರಿಗೆ 26” ಎಂದು ಹೊರಗೆ ಕಾದಿದ್ದವಳು ಹೇಳಿದಳು.

“ಒಳಗೆ ಮಲಗಿ ಹೆದರಿದವನಿಗೆ?”

“ಅದಕ್ಕೆ ಯಾರೂ ದುಡ್ಡು ಕೊಡಲ್ಲ ರೀ.”

ರಿಪೋರ್ಟು ಬಂತು. ನನ್ನ ಕಾಲು ಉಳಿಯುತ್ತದೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಅರಳಿತು. “ಎಷ್ಟು ಚೆನ್ನಾಗಿ ಬರ್ದಿದಾರೆ ರೀ! ಯಾವ ಔಷಧಿ, ಎಷ್ಟು ಎಂಎಲ್, ಯಾವ ದಾರಿಯಲ್ಲಿ ಕೊಟ್ಟರು, ಎಲ್ಲಾ ಇದೆ. ನಮ್ಮಲ್ಲಿ ಕ್ಯೂ 9967 ಅಂತ ಎಂಎಲ್ ಲೆಕ್ಕದಲ್ಲೇ ಬಿಲ್ ಹಾಕೋದು, ನೂರು ಎಂಎಲ್ ಅಂದ್ರೆ ನೂರು ಯೂನಿಟ್.” “ಕಾಲು ಏನಾಗಿದೆಯೇ?” ಎಂದು ಅಂಗಲಾಚಿದೆ. “ಓ, ಅದಾ? ಕೀವಿಲ್ಲ, ಮೂಳೆ ಸರಿಯಾಗಿದೆ, ಚರ್ಮದ ಕೆಳಗೆ ಸೋಂಕು. ಮಾತ್ರೆ ಸಾಕು.”

ಬಿಲ್ಲು ಮಾತ್ರ ಅವಳ ಕಣ್ಣಿಗೆ ಬೀಳಬಾರದಿತ್ತು. ಸ್ಕ್ಯಾನಿನದು ಒಂದು, ಕಾಂಟ್ರಾಸ್ಟ್ ಔಷಧಿಯದು ಫಾರ್ಮಸಿಯಲ್ಲಿ ಇನ್ನೊಂದು. ಸ್ಕ್ಯಾನಿನ ಬಿಲ್ಲಿನ ಮೇಲೆ ‘ಬಲಗಾಲು’ ಎಂದಿತ್ತು. ಅವಳು ಮುಂದೆ, ಕುಂಟುತ್ತ ನಾನು ಹಿಂದೆ, ಕೌಂಟರಿಗೆ ಮೆರವಣಿಗೆ ಹೊರಟಿತು.

“ಮೇಡಂ, ರೇಟು ಎರಡೂ ಕಾಲಿಗೂ ಒಂದೇ” ಎಂದ ಕೌಂಟರಿನವನು.

“ಸ್ಕ್ಯಾನ್ ಮಾಡದ ಕಾಲಿಗೆ ನಾವ್ಯಾಕೆ ದುಡ್ಡು ಕೊಡ್ಬೇಕು? ರೀ, ಪ್ಯಾಂಟ್ ಮೇಲೆತ್ತಿ ತೋರ್ಸಿ.”

ಸರತಿಯಲ್ಲಿದ್ದವರೆಲ್ಲ ನನ್ನ ಮೀನಖಂಡದ ದರ್ಶನ ಪಡೆದರು. ಬಿಲ್ಲು ತಿದ್ದಿ ಬಂತು. ಇಷ್ಟೆಲ್ಲ ಆದ ಮೇಲೆ ನಮ್ಮ ಇನ್ಶೂರೆನ್ಸ್‌ನವರು, ಇಪ್ಪತ್ತನಾಲ್ಕು ಗಂಟೆ ಅಡ್ಮಿಟ್ ಆಗಿಲ್ಲವೆಂದು ಕ್ಲೇಮನ್ನೇ ತಳ್ಳಿಹಾಕಿದರು. ಕಾಲು ಎಡವೋ ಬಲವೋ ಎಂದು ಅವರು ಕೇಳಲೇ ಇಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಕೋಡರ್‌ಗಳ ಧರ್ಮಸೂತ್ರವೇ ಕಾನೂನು: ಬರೆದಿಲ್ಲವೆಂದರೆ ಮಾಡಿಲ್ಲ. “ನಿನ್ನೆ ಪಾತ್ರೆ ತೊಳೆದವನು ನಾನೇ” ಎಂದರೆ “ಎಲ್ಲಿ ಬರ್ದಿದೆ?” ಎಂಬ ಪ್ರಶ್ನೆ. ಅಮ್ಮ ಸಾಕ್ಷಿಗೆ ಬರುವುದಿಲ್ಲ, ಅವಳು ಆ ಕಡೆ ಸೇರಿ ಬಹಳ ಕಾಲವಾಯಿತು. ನಾನೀಗ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ಸೇವೆಗಳನ್ನೂ ಬರೆದಿಡುತ್ತೇನೆ.

ಆದ್ದರಿಂದ ಓದುಗ ಮಹಾಶಯರೇ, ಸ್ಕ್ಯಾನಿಗೆ ಹೋದರೆ ಡಾಕ್ಟರ ಚೀಟಿ, ರಿಪೋರ್ಟು, ಬಿಲ್ಲು ಮೂರನ್ನೂ ಒಟ್ಟಿಗೆ ಹಿಡಿದು ನೋಡಿ. ಮೂರರಲ್ಲೂ ಒಂದೇ ಕಾಲು ಇದೆಯೇ, ಕಾಂಟ್ರಾಸ್ಟ್ ಹಾಕಿದ್ದಾರೆಯೇ, ಒಂದೇ ಸ್ಕ್ಯಾನಿಗೆ ಎರಡು ಸಲ ದುಡ್ಡು ಕೇಳಿದ್ದಾರೆಯೇ ಎಂದು ಕೌಂಟರಿನಲ್ಲೇ ಪರೀಕ್ಷಿಸಿ. ಪಾಲಿಸಿಯಲ್ಲಿ ಹೊರರೋಗಿಗಳ ಖರ್ಚು ಸೇರಿದೆಯೇ ಎಂದು ಕಾಲು ಊದುವ ಮೊದಲೇ ಓದಿಕೊಳ್ಳಿ. ಮನೆಯಲ್ಲಿ ಕೋಡರ್ ಇದ್ದರೆ, ನೋವಾದಾಗ ಕೂಗುವ ಮುಂಚೆ ಯಾವ ಕಾಲು ಎಂದು ನಿರ್ಧರಿಸಿಕೊಂಡು ಕೂಗಿ.